ಸೋಮವಾರದ ಎಣಿಕೆ

ಆ ಮಂಗಳವಾರ ಬೆಳಿಗ್ಗೆ ಓಣಿಯ ನಲ್ಲಿಯಲ್ಲಿ ನೀರು ಸದ್ದಿಲ್ಲದೆ ಬಂದುಬಿಟ್ಟಿತ್ತು. ಬೇರೆ ದಿನಗಳಲ್ಲಿ ಮೊದಲು ಗಾಳಿ ಗೊರಗುಟ್ಟಿ, ಆಮೇಲೆ ಒಂದಿಷ್ಟು ಕೆಂಪು ನೀರು ಉಗುಳುತ್ತಿತ್ತು. ಆ ಸದ್ದಿಗೇ ನಾವೆಲ್ಲ ಎದ್ದು ಕೊಡ ಹಿಡಿದು ಓಡುವುದು ರೂಢಿ. ಅಂದು ನಾನು ಬಾಗಿಲು ತೆಗೆದಾಗ ನೀರು ಆಗಲೇ ಕಟ್ಟೆ ದಾಟಿ, ಎದುರು ಮನೆಯ ಮೆಟ್ಟಿಲ ತನಕ ಹರಿದು ಹೋಗಿತ್ತು. ಕಾರ್ತಿಕ ಮುಗಿಯುತ್ತ ಬಂದ ದಿನಗಳು. ಹೊತ್ತು ಮೂಡುವುದು ತಡ, ಮುಳುಗುವುದು ಬೇಗ.

ಎದುರು ಮನೆಯ ಭಾಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೊಡಕ್ಕೆ ನೀರು ಹಿಡಿಯುತ್ತಿದ್ದರು. ಟೈಲರ್ ಒಬ್ಬರ ಹೆಂಡತಿ. ಓಣಿಯವರಿಗೆಲ್ಲ ಅವರು ಭಾಬಿಯೇ.

“ಏನ್ ಅಕ್ಕಾರೆ, ಇವತ್ತು ನೀರು ಕಳ್ಳನಂಗೆ ಬಂದೈತಲ್ಲ!” ಎಂದರು. “ಅರ್ಧ ನೆಲಾನೇ ಕುಡೀತು. ನಿನ್ನೆ ಪೇಢಾ ಮಾತ್ರ ಮಸ್ತಿದ್ವು ಬಿಡ್ರಿ. ನಿಮ್ಮ ಮನ್ಯಾರು ಹಿಂಗೇ ವಾರಕ್ಕೊಂದು ಸಲ ಬಸ್ಸಿನ ಟೈಂ ಬದಲು ಮಾಡ್ತಿರ್ಲಿ, ನಮ್ಮ ಬಾಯಿ ಸಿಹಿ ಆಗ್ತೈತೆ.”

ನಾನು ನಕ್ಕು ಕೊಡ ತುಂಬಿಕೊಂಡು ಬಂದೆ. ಹಂಡೆಗೆ ನೀರು ಸುರಿದು, ಒಲೆಗೆ ಹೊಟ್ಟು ತುಂಬಿ, ರೊಟ್ಟಿಗೆ ಹಿಟ್ಟು ನಾದಿದೆ. ಅತ್ತೆ ದೇವರ ಜಗಲಿ ಒರೆಸುತ್ತಾ ಅಲ್ಲಿಂದಲೇ ಕೇಳಿದರು, “ನಲ್ಲಿ ಸದ್ದೇ ಕೇಳ್ಲಿಲ್ಲಲ್ಲ?” ಇಲ್ಲ ಎಂದೆ. “ಮಂಗಳಾರ ಬ್ಯಾರೆ,” ಎಂದು ತಮ್ಮಷ್ಟಕ್ಕೆ ಏನೋ ಗೊಣಗಿಕೊಂಡು ಮತ್ತೆ ಒರೆಸತೊಡಗಿದರು. ಅಂಥ ಮಾತಿಗೆ ನಾನು ಯಾವತ್ತೂ ಕಿವಿಗೊಟ್ಟವಳಲ್ಲ. ಅಂದು ಮಾತ್ರ ರೊಟ್ಟಿಯ ಅಂಚು ಮೂರು ಕಡೆ ಒಡೆಯಿತು.

“ನಿಮ್ಮ ಕಾನ್ವೆಂಟ್ ಸಿಸ್ಟರಮ್ಮಾರು ಕಸೂತಿ ಕಲಿಸಿದ್ರು, ಇಂಗ್ಲಿಷ್ ಕಲಿಸಿದ್ರು,” ಎಂದರು ಅತ್ತೆ, ಹಿಂದೆ ಬಂದು ನಿಂತು. “ರೊಟ್ಟಿ ತಟ್ಟಾದು ಒಂದು ಮರ್ತುಬಿಟ್ರು ನೋಡು.”

“ಅತ್ತಿಗೆ ರೊಟ್ಟಿ ನಕ್ಷೆ ಇದ್ದಂಗಿರ್ತೈತೆ, ಅವ್ವ,” ಎಂದಳು ನಾದಿನಿ, ಜಡೆ ಹೆಣೆಯುತ್ತಾ ಬಾಗಿಲಲ್ಲಿ ನಿಂತು. “ತಿನ್ನೋಕೆ ಮುಂಚೆ ಯಾವ ಜಿಲ್ಲೆ ಅಂತ ನೋಡಿ ತಿನ್ನಬೇಕು.”

ಅವಳ ಡಬ್ಬಿಗೆ ಚೆನ್ನಾಗಿ ಬಂದ ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಂಡಿಪಲ್ಯ ಹಾಕಿದೆ. ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅವಳು ಟೈಪಿಸ್ಟ್. ಬೆಳಿಗ್ಗೆ ದಾವಣಗೆರೆಯಿಂದ ಹೋಗಿ ಸಂಜೆ ಬರುವುದು. ಮಾವನವರು ತೀರಿಕೊಂಡ ಮೇಲೆ ಹಟ ಹಿಡಿದು ಸೇರಿದ ಕೆಲಸ. ಅದಕ್ಕೆ ಅತ್ತೆ ಹಾಕಿದ ಷರತ್ತು ಒಂದೇ, ಆದರೆ ಗಟ್ಟಿಯಾದದ್ದು. ದೀಪ ಹಚ್ಚುವುದರೊಳಗೆ ಮಗಳು ಹೊಸ್ತಿಲು ದಾಟಿ ಒಳಗೆ ಬಂದಿರಬೇಕು.

ದೀಪ ಹಚ್ಚುವ ಹೊತ್ತನ್ನು ಅತ್ತೆ ಗಡಿಯಾರದಿಂದ ನೋಡುತ್ತಿರಲಿಲ್ಲ. ಹೊಸ್ತಿಲ ಬಳಿ ಕೂತು ಅಂಗೈ ಬಿಚ್ಚಿ ನೋಡುವರು. ಅಂಗೈ ಗೆರೆ ಕಾಣದಾದಾಗ ಎದ್ದು ಕಡ್ಡಿ ಗೀರುವರು. ಬೇಸಗೆಯಲ್ಲಿ ಆ ಗೆರೆಗಳು ಬಹಳ ಹೊತ್ತು ಕಾಣುತ್ತಿದ್ದವು. ಕಾರ್ತಿಕದಲ್ಲಿ ಬೇಗ ಅಳಿಸಿಹೋಗುತ್ತಿದ್ದವು.

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು. “ಬಸ್ಸಿನಾಗೆ ಹೋಗಬೇಕು, ಬಸ್ಸಿನಾಗೆ ಬರಬೇಕು. ಬಸ್ಸು ಅಂದ್ರೆ ಹತ್ತು ಮಂದಿ ಕಣ್ಣಿರ್ತೈತೆ. ಒಂದು ದಿನ ಹೆಚ್ಚುಕಮ್ಮಿ ಆಗ್ಲಿ, ರಾಣೆಬೆನ್ನೂರಿನವರಿಗೆ ನಾನು ಹೂಂ ಅಂದುಬಿಡ್ತೀನಿ.” ರಾಣೆಬೆನ್ನೂರಿನದು ಹೆಂಡತಿ ಸತ್ತ ವರ. ಎರಡು ಸಲ ಕೇಳಿ ಕಳಿಸಿದ್ದರು. ಆ ಹೆಸರು ಬಂದಾಗಲೆಲ್ಲ ನಾದಿನಿ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದಳು, ಅದು ಮೊದಲೇ ಮುಚ್ಚಿದ್ದರೂ.

ಅವಳನ್ನು ಸಂಜೆ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸುತ್ತಿದ್ದದ್ದು ಐದೂಕಾಲರ ಬಸ್ಸು. ಆಫೀಸು ಬಿಟ್ಟು ಗೇಟಿಗೆ ಬರುವಷ್ಟರಲ್ಲಿ ಅದು ಬಂದು ನಿಲ್ಲುತ್ತಿತ್ತು. ಹರಿಹರದ ಸ್ಟ್ಯಾಂಡ್ ದೂರ, ನಡೆದು ಹೋಗಿ ಬೇರೆ ಬಸ್ಸು ಹಿಡಿದರೆ ಕತ್ತಲಾಗುತ್ತಿತ್ತು. ರೈಲು ಇತ್ತು, ಆದರೆ ಸಂಜೆಯ ಪ್ಯಾಸೆಂಜರನ್ನು ನಂಬಿ ಯಾರೂ ಮನೆಯಲ್ಲಿ ಮಾತು ಕೊಟ್ಟು ಬರುತ್ತಿರಲಿಲ್ಲ. ಆ ಬಸ್ಸು ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಕಂಪನಿಯದೇ. ಅದನ್ನು ಅಲ್ಲಿಂದ ತೆಗೆದವರೂ ನಮ್ಮ ಮನೆಯವರೇ.

ಅವರ ಕೆಲಸ ಏನೆಂದು ಯಾರಾದರೂ ಕೇಳಿದರೆ ಅತ್ತೆ “ಬಸ್ಸಿಗೆ ಟೈಂ ಹಾಕ್ತಾನೆ” ಎನ್ನುತ್ತಿದ್ದರು. ಊರಿನ ಒಬ್ಬ ಮಾಲೀಕರ ಬಸ್ ಕಂಪನಿ. ಒಳ್ಳೆಯ ಮನುಷ್ಯ, ದೈವಭಕ್ತ, ಹಣೆ ತುಂಬ ವಿಭೂತಿ. ಡೀಸೆಲ್ ಬೆಲೆ ಏರಿ ಎಲ್ಲರೂ ಕಂಗಾಲಾಗಿದ್ದ ವರ್ಷ ಅದು. ಹೊಸ ಬಸ್ಸು ಕೊಳ್ಳುವ ಮಾತಿಲ್ಲ. ಇರುವ ಬಸ್ಸುಗಳನ್ನೇ ಎಲ್ಲಿ ಜನ ಹೆಚ್ಚೋ ಅಲ್ಲಿ ಓಡಿಸಬೇಕು, ಎಲ್ಲಿ ಕಡಿಮೆಯೋ ಅಲ್ಲಿ ತೆಗೆಯಬೇಕು, ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿರುವ ಬಸ್ಸು ಒಂದೂ ಇರಬಾರದು. ಅದನ್ನು ಲೆಕ್ಕ ಹಾಕಿ ಹೊಂದಿಸುವ ಭಾರ ಇವರ ಮೇಲೆ ಬಿತ್ತು.

ಇವರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಂದು ಪ್ಲೈವುಡ್ ಹಲಗೆ. ಅದರ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಬೆಳಗಿನಿಂದ ರಾತ್ರಿಯವರೆಗಿನ ಗಂಟೆಗಳು. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಊರುಗಳು: ಹರಿಹರ, ದಾವಣಗೆರೆ, ಹದಡಿ, ಮಾಯಕೊಂಡ. ಎಲ್ಲ ಕಡೆ ಸಣ್ಣ ಮೊಳೆಗಳು. ನನ್ನ ಕಸೂತಿ ಪೆಟ್ಟಿಗೆಯಿಂದ ದಾರ ಕೇಳಿ ಪಡೆದರು. ಒಂದೊಂದು ಬಸ್ಸಿಗೆ ಒಂದೊಂದು ಬಣ್ಣ. ಬಸ್ಸು ಓಡಿದಂತೆ ದಾರ ಓರೆಯಾಗಿ ಮೇಲೆ ಹೋಗಿ ಕೆಳಗೆ ಇಳಿಯುತ್ತಿತ್ತು. ಬಸ್ಸು ಎಲ್ಲಾದರೂ ನಿಂತರೆ ದಾರ ನೆಟ್ಟಗೆ ಅಡ್ಡ ಮಲಗುತ್ತಿತ್ತು. “ನೋಡು, ಈ ಅಡ್ಡ ದಾರ ಎಲ್ಲಾ ದಂಡ,” ಎನ್ನುತ್ತಿದ್ದರು. “ಅಡ್ಡ ದಾರ ಕಮ್ಮಿ ಆದಷ್ಟೂ ಮಾಲೀಕರಿಗೆ ಖುಷಿ.” ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಲಗೆಯನ್ನು ನಡುಮನೆಯಲ್ಲಿ ಹಾಸಿಕೊಂಡು ಕೂರುತ್ತಿದ್ದರು. ನಾನು ಗಂಟು ಬಿಡಿಸಿಕೊಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಹಲಗೆ ಬಹಳ ಚೆಂದ ಕಾಣುತ್ತಿತ್ತು. ಸಿಸ್ಟರ್‌ಗಳು ಕಂಡಿದ್ದರೆ ಚೌಕಟ್ಟು ಹಾಕಿಸುತ್ತಿದ್ದರೇನೋ.

ದಾರ ಕಟ್ಟಬೇಕೆಂದರೆ ಮೊದಲು ಎಲ್ಲಿ ಎಷ್ಟು ಜನ ಹತ್ತುತ್ತಾರೆ ಎಂದು ತಿಳಿಯಬೇಕಲ್ಲ. ಟಿಕೆಟ್ ನಂಬಿದರೆ ಸಾಲದು, ಕಣ್ಣಿನಿಂದಲೇ ಎಣಿಸಬೇಕು ಎಂದು ಇವರ ಹಟ. ಮಾಲೀಕರು ಒಪ್ಪಿದರು, ಒಂದು ದಿನದ ಮಟ್ಟಿಗೆ. “ಅನ್ನ ಬೆಂದೈತೋ ಇಲ್ಲೋ ನೋಡಾಕೆ ಒಂದು ಅಗುಳು ಸಾಕಲ್ಲೇನಪ್ಪ? ಸೋಮಾರ ಎಣಿಸ್ರಿ. ಸೋಮಾರ ಹಿಡಿದ ಕೆಲಸ ನನ್ನ ಕೈಯಾಗೆ ಕೆಟ್ಟಿದ್ದೇ ಇಲ್ಲ.” ಸೋಮವಾರ ಶಿವನ ವಾರ. ಮಾಲೀಕರು ಅಂಗಡಿ ತೆರೆದದ್ದು, ಮೊದಲ ಬಸ್ಸು ತಂದದ್ದು, ಮಗಳ ನಿಶ್ಚಯ ಮಾಡಿದ್ದು ಎಲ್ಲ ಸೋಮವಾರವೇ. ಅದು ನಮ್ಮ ಕಡೆ ಯಾರಿಗೂ ವಿಚಿತ್ರವಾಗಿ ಕಾಣುವ ಮಾತಲ್ಲ. ಅತ್ತೆ ಕೇಳಿ, “ಬುದ್ಧಿವಂತರು,” ಎಂದರು.

ದಸರೆಗೆ ಮುಂಚಿನ ಒಂದು ಸೋಮವಾರ ಎಣಿಕೆ ನಡೆಯಿತು. ಇವರು ಹದಡಿ, ಮಾಯಕೊಂಡದ ಕಡೆ ನಿಂತರು. ಹರಿಹರದ ಬಸ್ಸುಗಳನ್ನು ಆಯಾ ಕಂಡಕ್ಟರುಗಳಿಗೇ ಒಪ್ಪಿಸಿದರು. ಅಂದು ಸಂಜೆ ಮನೆಗೆ ಬಂದವರು ಧೂಳು ತೊಳೆದುಕೊಳ್ಳುವ ಮುಂಚೆಯೇ ಹೇಳತೊಡಗಿದರು. ಹದಡಿ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಜನ, ಮಾಯಕೊಂಡದಲ್ಲಿ ಬಿಟ್ಟುಬಂದವರೇ ಒಂದು ಬಸ್ಸಿಗಾಗುವಷ್ಟು. “ಆ ಕಡೆ ಹರಿಹರದ ಸಂಜೆ ಬಸ್ ನೋಡಿದ್ರೆ ಕಂಡಕ್ಟರ್ ಏನಂದ ಗೊತ್ತಾ? ‘ಸಾರ್, ನಾನು, ಡ್ರೈವರು, ಒಂದು ಕೋಳಿ ಬುಟ್ಟಿ’ ಅಂದ. ‘ಕೋಳಿನೂ ದಾವಣಗೆರೆಗೆ ಬರಲ್ಲ ಅಂತ ಕೂಗ್ತಿತ್ತು’ ಅಂದ.”

ನಾವೆಲ್ಲ ನಕ್ಕೆವು. ನಾದಿನಿಯೂ ನಕ್ಕಳು. ಅವಳು ಮಧ್ಯಾಹ್ನ ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡು, ಒದ್ದೆ ಕೂದಲು ಬೆನ್ನ ಮೇಲೆ ಹರಡಿಕೊಂಡು, ಬಾಗಿಲ ಬಳಿ ಕೂತಿದ್ದಳು. ಆ ಕೂದಲಿನ ವಾಸನೆ ನನಗೆ ಇನ್ನೂ ನೆನಪಿದೆ. ಅಂದು ಸೋಮವಾರವಾದ್ದರಿಂದ ಅವಳು ಮನೆಯಲ್ಲಿದ್ದಳು. ಅದನ್ನು ನಾವು ಯಾರೂ ಯೋಚಿಸಲಿಲ್ಲ. ಪ್ರತಿ ಸೋಮವಾರ ಅವಳು ಮನೆಯಲ್ಲೇ ಇರುತ್ತಿದ್ದಳಲ್ಲ, ಯೋಚಿಸುವುದೇನು?

ಅದಾದ ಮೇಲೆ ಒಂದು ಭಾನುವಾರ ರಾತ್ರಿ ಇವರು ಹಲಗೆಯ ಮುಂದೆ ಕೂತು ನೀಲಿ ದಾರದ ಕೊನೆಯ ಓರೆಯನ್ನು ಮೊಳೆಯಿಂದ ಬಿಡಿಸಿದರು. ಅದನ್ನೇ ಕೆಳಕ್ಕೆ ತಿರುಗಿಸಿ ಹದಡಿಯ ಕಡೆ ಕಟ್ಟಿದರು; ಬೆಳಿಗ್ಗೆ, ಮಧ್ಯಾಹ್ನ ಅಡ್ಡ ಮಲಗಿದ್ದ ದಾರವನ್ನೂ ಅತ್ತಲೇ ಎಳೆದರು. ಆಫೀಸಿನಿಂದ ಬಂದಿದ್ದ ನಾದಿನಿ ನೋಡುತ್ತ ನಿಂತಿದ್ದಳು.

“ಅಣ್ಣ, ಅದು ನಾನು ಬರೋ ಬಸ್ಸಲ್ವಾ?”

“ಹೌದು. ಖಾಲಿ ಓಡ್ತೈತಲ್ಲಮ್ಮ.”

“ಖಾಲಿ ಎಲ್ಲಿ? ನಾವು ದಿನಾ ನಿಂತೇ ಬರ್ತೀವಿ.”

“ನಿಂಗೆ ಹಂಗನಿಸ್ತೈತೆ. ಒಂದು ಸೀಟಿನ ಮುಂದೆ ನಾಲ್ಕು ಜನ ನಿಂತ್ರೆ ಇಡೀ ಬಸ್ಸೇ ತುಂಬಿದಂಗೆ ಕಾಣ್ತೈತೆ. ಎಣಿಸಿದ್ದು ಬ್ಯಾರೆನೇ ಹೇಳ್ತೈತೆ,” ಎಂದರು ಇವರು, ತಲೆ ಎತ್ತದೆ. “ಹುಬ್ಬಳ್ಳಿ ಕಡೆಯಿಂದ ಬರೋ ಬಸ್ಸು ಇರ್ತಾವಲ್ಲ. ಗೇಟ್ ಮುಂದೆ ಕೈ ಮಾಡಿದ್ರೆ ನಿಲ್ಲಿಸ್ತಾರೆ.”

ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆ ಮನೆಯಿಂದ ಅತ್ತೆಯ ದನಿ ಬಂತು. “ಏನದು? ಯಾವ ಬಸ್ಸು?”

“ಏನಿಲ್ಲವ್ವ,” ಎಂದಳು ನಾದಿನಿ ತಟ್ಟನೆ. “ಅಣ್ಣನ ಬಸ್ಸು.”

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಎತ್ತಿದರೆ ಅತ್ತೆಗೆ ತಿಳಿಯುತ್ತಿತ್ತು, ತಿಳಿದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಇವರು ಅವಳ ಮೌನವನ್ನು ಒಪ್ಪಿಗೆ ಎಂದುಕೊಂಡರು. ಕಚೇರಿಗಳ ಅಪ್ಪಣೆ ಬರಲು ಕೆಲವು ವಾರ ಹಿಡಿಯಿತು. ಅಷ್ಟರಲ್ಲಿ ದೀಪಾವಳಿ ಕಳೆದು, ಸಂಜೆಗಳು ಗಿಡ್ಡವಾದವು.

ಹೊಸ ಟೈಂ ಶುರುವಾದದ್ದೂ ಸೋಮವಾರವೇ. ಮಾಲೀಕರು ಹದಡಿ ಬಸ್ಸಿನ ಮುಂದೆ ಕಾಯಿ ಒಡೆದರು. ಆ ಬಸ್ಸು ಅಂದು ಮೂರು ಸಲವೂ ಕಿಕ್ಕಿರಿದು ಬಂತು. ಬಸ್ಸಿನ ಟಾಪಿನ ಮೇಲೆ ಹತ್ತಿ ಕೂತವರೂ ಇದ್ದರಂತೆ. ಮಾಲೀಕರು ಇವರ ಬೆನ್ನು ತಟ್ಟಿ ಪೇಢಾ ಪೊಟ್ಟಣ ಕೊಟ್ಟರು. ಅದನ್ನೇ ನಾನು ಓಣಿಗೆಲ್ಲ ಹಂಚಿದ್ದು. ನಾದಿನಿಯೂ ಮನೆಯಲ್ಲೇ ಕೂತು ಒಂದು ಪೇಢಾ ತಿಂದಳು. ಸಂಜೆ ಅತ್ತೆ ಅಂಗೈ ನೋಡುವ ಕೆಲಸವೇ ಇರಲಿಲ್ಲ.

ಮರುದಿನ, ಆ ಮಂಗಳವಾರ, ಅವಳು ಎಂದಿನಂತೆ ಡಬ್ಬಿ ಹಿಡಿದು ಹೊರಟಳು. ಬೆಳಗಿನ ಬಸ್ಸಿಗೆ ಏನೂ ಬದಲಾವಣೆ ಇರಲಿಲ್ಲ. ಮೆಟ್ಟಿಲಿಳಿದವಳು ತಿರುಗಿ ಬಂದು ಕೊಡೆ ಕೇಳಿದಳು. ಮಳೆಯ ಕಾಲವಲ್ಲ. ಯಾಕೆ ಎಂದೆ. “ಸುಮ್ಮನೆ, ಕೈಯಾಗೆ ಏನಾದ್ರೂ ಇರ್ಲಿ ಅಂತ,” ಎಂದಳು. ಕೊಟ್ಟೆ.

ಹತ್ತು ಗಂಟೆಯ ಹೊತ್ತಿಗೆ ಹದಡಿಯ ಮೊಸರಿನ ಅಜ್ಜಿ ಬಂದಳು. ಬುಟ್ಟಿ ಇಳಿಸಿ, ಸಿಂಬಿ ಬಿಚ್ಚಿ, ನೆಲದ ಮೇಲೆ ಕೂತವಳ ಮುಖ ಹಬ್ಬದಂತಿತ್ತು.

“ತಾಯಿ, ಇವತ್ತು ನಾನು ಹೊಸ ಬಸ್ಸಿನಾಗೆ ಬಂದೆ ನೋಡು. ಮದಲಗಿತ್ತಿ ಹಂಗೆ ಒಬ್ಬಾಕಿನೇ ಕುಂತಿದ್ದೆ! ಬುಟ್ಟಿಗೂ ಒಂದು ಸೀಟು ಕೊಟ್ಟಿದ್ದೆ.”

“ನಿನ್ನೆ ನಿಲ್ಲೋಕೂ ಜಾಗ ಇರಲಿಲ್ಲವಂತಲ್ಲ, ಅಜ್ಜಿ?”

“ನಿನ್ನೆ ಸೋಮಾರ ಅಲ್ಲೇನು. ಸೋಮಾರ ಬಸವಣ್ಣನ ಹೆಗಲಿಗೆ ನೊಗ ಏರಿಸಂಗಿಲ್ಲಲ್ಲ, ಗಂಡಸ್ರಿಗೆ ಕೆಲಸ ಇಲ್ಲ. ಇಡೀ ಊರೇ ಪ್ಯಾಟಿಗೆ ಬರ್ತೈತೆ, ಚಾ ಕುಡಿಯಾಕೆ. ಇವತ್ತು ಎಲ್ಲಾ ಹೊಲದಾಗದಾರೆ.”

ಅವಳು ಮೊಸರು ಅಳೆದು ಹಾಕಿ, ಕೊಸರೂ ಹಾಕಿ ಹೋದಳು. ನಾನು ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಸೋಮವಾರ ಎತ್ತು ಹೂಡುವುದಿಲ್ಲ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಇವರಿಗೂ ಗೊತ್ತು, ಮಾಲೀಕರಿಗೂ ಗೊತ್ತು. ಕರೆಂಟಿನ ಅಭಾವದಿಂದ ಕಾರ್ಖಾನೆಗಳು ವಾರದ ರಜೆಯನ್ನು ಸರದಿಯ ಮೇಲೆ ಹಂಚಿಕೊಂಡಿವೆ, ನಾದಿನಿಯ ಕಾರ್ಖಾನೆಗೆ ಬಂದದ್ದು ಸೋಮವಾರ ಎಂಬುದೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಮಾಲೀಕರು ಹೇಳಿದ ಅಗುಳಿನ ಮಾತು ನೆನಪಾಯಿತು. ದಿನಾ ಅನ್ನ ಮಾಡುವವರಿಗೆ ಗೊತ್ತು, ಅಗುಳನ್ನು ಎಲ್ಲಿಂದ ತೆಗೆದು ನೋಡುತ್ತೇವೆ ಎಂಬುದೂ ಮುಖ್ಯ. ತಳದಲ್ಲಿ ಸೀದು ಹೋಗಿರುತ್ತದೆ, ಮೇಲೆ ಇನ್ನೂ ಅಕ್ಕಿ ಇರುತ್ತದೆ.

ಗೋಡೆಗೆ ಒರಗಿಸಿಟ್ಟ ಹಲಗೆಯ ಕಡೆ ನೋಡಿದೆ. ದಾರಗಳು ಬಿಗಿಯಾಗಿ, ಒಂದಿಷ್ಟೂ ಸಡಿಲವಿಲ್ಲದೆ, ಅಂದವಾಗಿ ನಿಂತಿದ್ದವು. ಹರಿಹರದ ಕಡೆ, ಸಂಜೆಯ ಜಾಗದಲ್ಲಿ, ಮೊಳೆಗಳು ಮಾತ್ರ ಇದ್ದವು.

ಇವರು ಊಟಕ್ಕೆ ಬಂದು ಕೂತರು. ಹದಡಿ ಬಸ್ಸು ಹೇಗೆ ಹೋಯಿತು ಎಂದು ಕೇಳಿದೆ. “ಖಾಲಿ,” ಎಂದರು. “ಮಂಗಳಾರ ಅಲ್ವಾ, ಜನ ಹೊರಡಂಗಿಲ್ಲ. ನಾಳೆ ಸರಿ ಹೋಗ್ತೈತೆ.”

ಅತ್ತೆ ಹಿತ್ತಲಲ್ಲಿದ್ದರು. ನಾನು ಸಾರು ಬಡಿಸುತ್ತಾ ತಗ್ಗಿದ ದನಿಯಲ್ಲಿ ಕೇಳಿದೆ. “ರೀ, ನೀವು ಎಣಿಕೆ ಮಾಡಿದ ದಿನ ಇವಳು ಮನೆಯಲ್ಲೇ ಇದ್ದಳಲ್ಲ. ತಲೆ ತೊಳೆದುಕೊಂಡು ಬಾಗಿಲಲ್ಲಿ ಕೂತಿದ್ದಳು.”

“ಹೂಂ. ಅದಕ್ಕೇನು?”

“ಅವಳು ಮನೆಯಲ್ಲಿದ್ದರೆ ಆ ಬಸ್ಸಿನಲ್ಲಿ ಬರುವ ಎಲ್ಲರೂ ಮನೆಯಲ್ಲೇ ಇದ್ದರು ಅಂತಲ್ಲವೇ?”

ಇವರ ಕೈ ತುತ್ತಿನ ಸಮೇತ ತಟ್ಟೆಯ ಮೇಲೆ ನಿಂತುಬಿಟ್ಟಿತು. ಸಾರು ಬೆರಳ ಸಂದಿನಿಂದ ಇಳಿದು ಮಣಿಕಟ್ಟಿಗೆ ಹರಿಯಿತು. ಒರೆಸಿಕೊಳ್ಳಲಿಲ್ಲ. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ಲೆಕ್ಕ ತಪ್ಪಿದವರ ಮುಖದ ಹಾಗಿರಲಿಲ್ಲ ಅದು. ರಸ್ತೆಯಲ್ಲಿ ಕೈ ಹಿಡಿದಿದ್ದ ಮಗು ಯಾವಾಗ ಕೈ ಬಿಟ್ಟಿತೆಂದು ತಿರುಗಿ ನೋಡುವವರ ಹಾಗಿತ್ತು.

ಅರ್ಧ ಊಟಕ್ಕೇ ಎದ್ದರು. “ಮಾಲೀಕರನ್ನ ಕೇಳ್ತೀನಿ. ಇವತ್ತೇ ಆ ಬಸ್ಸು ಬಿಡಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಹರಿಹರಕ್ಕೆ ಹೋಗಿ ಕರ್ಕೊಂಡು ಬರ್ತೀನಿ. ಅವ್ವಗೆ ಏನೂ ಹೇಳಬ್ಯಾಡ.” ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡಬಲ ತಪ್ಪಿತು.

ಆಮೇಲೆ ತಿಳಿದದ್ದು: ಮಾಲೀಕರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರಂತೆ. ನೀವು ಹೇಳೋದು ಸರಿ ಇರಬಹುದಪ್ಪ ಎಂದರಂತೆ. ಆದರೆ ಸೋಮವಾರ ಕಾಯಿ ಒಡೆದು ಕಟ್ಟಿದ್ದನ್ನು ಮಂಗಳವಾರ ಬಿಚ್ಚಬಾರದು, ನಾಳೆ ಬುಧವಾರ ಬರ್ರಿ, ಕೂತು ನೋಡೋಣ ಎಂದರಂತೆ. ಇವರು ಅಲ್ಲಿಂದ ನೇರ ಸ್ಟ್ಯಾಂಡಿಗೆ ಓಡಿ ಹರಿಹರದ ಬಸ್ಸಿಗೆ ಕಾದರು. ಬಹಳ ಹೊತ್ತು ಬರಲಿಲ್ಲ. ಸಂಜೆ ಅಲ್ಲಿಂದ ತಿರುಗಿ ಬರುವ ಬಸ್ಸನ್ನು ತೆಗೆದ ಮೇಲೆ, ಇಲ್ಲಿಂದ ಅಲ್ಲಿಗೆ ಹೋಗುವ ಬಸ್ಸೂ ಹೋಗಿರುತ್ತದಲ್ಲ. ತಾವೇ ಬಿಡಿಸಿದ ದಾರದ ತುದಿಯಲ್ಲಿ ನಿಂತಿದ್ದರು.

ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಿಸಿಲು ಮಾತ್ರ. ಅದು ಹಿತ್ತಲ ಗೋಡೆಯಿಂದ ಇಳಿದು, ಬಟ್ಟೆ ತೊಳೆಯುವ ಕಲ್ಲಿಗೆ ಬಂದು, ಅಲ್ಲಿಂದಲೂ ಹೋಯಿತು. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದೆ. ಗಿರಣಿಯ ಸೈರನ್ ಕೂಗಿತು. ದಿನಾ ಕೂಗುವ ಸೈರನ್ನೇ. ಅಂದು ಅದು ನಿಲ್ಲುವುದಿಲ್ಲವೇನೋ ಅನಿಸಿತು.

ಅತ್ತೆ ಹೂಬತ್ತಿ, ಎಣ್ಣೆಯ ಗಿಂಡಿ ತೆಗೆದುಕೊಂಡು ಹೊಸ್ತಿಲ ಬಳಿ ಕೂತರು. ಅಂಗೈ ಬಿಚ್ಚಿದರು. ನಾನು ಒಂದು ನೆಪ ಹಿಡಿದು ಅಲ್ಲೇ ನಿಂತೆ.

“ಅತ್ತೆ, ನಾಳೆಗೆ ಕಾಳು ನೆನೆಹಾಕಲೇ?”

“ಹಾಕು.”

“ಹೆಸರೋ, ಮಡಿಕೆಯೋ?”

“ಯಾವುದಾದ್ರೂ ಹಾಕು.” ಕಣ್ಣು ಅಂಗೈಯಿಂದ ಕದಲಲಿಲ್ಲ. “ಇವತ್ತು ತಡ ಆಯ್ತಲ್ಲ ಅವಳು?”

“ಇನ್ನೂ ಬೆಳಕಿದೆಯಲ್ಲ, ಅತ್ತೆ.”

“ನಿನ್ನ ಕಣ್ಣಿಗೆ ಇರಬಹುದು. ಹುಡುಗಿ ಕಣ್ಣು,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅವರು ನಿರ್ಧಾರ ಮಾಡುವಾಗ ಹೀಗೆಯೇ ತಣ್ಣಗೆ ಮಾತಾಡುತ್ತಿದ್ದರು. “ನಿನ್ನ ಗಂಡ ಬರ್ಲಿ. ರಾಣೆಬೆನ್ನೂರಿಗೆ ಒಂದು ಕಾಗದ ಬರೆಸಬೇಕು.”

ಓಣಿಯ ಕೊನೆಯ ಮನೆಗಳ ಬಣ್ಣ ಹೋಗಿತ್ತು. ಎದುರು ಮನೆಯ ಬಾಗಿಲು ಇದೆಯೋ ಇಲ್ಲವೋ ಎಂಬಷ್ಟು ಮಸುಕು. ನಾನು ನನ್ನ ಅಂಗೈಯನ್ನೂ ಸೆರಗಿನ ಮರೆಯಲ್ಲಿ ಬಿಚ್ಚಿ ನೋಡಿದೆ. ಒಂದು ಗೆರೆ ಇನ್ನೂ ಕಾಣುತ್ತಿತ್ತು, ಅಥವಾ ಇದೆಯೆಂದು ಗೊತ್ತಿದ್ದುದರಿಂದ ಕಂಡಂತೆ ಅನಿಸುತ್ತಿತ್ತು. ಅತ್ತೆ ಎದ್ದರು. ಜಗಲಿಯ ಮುಂದೆ ನಿಂತು ಕಡ್ಡಿಪೆಟ್ಟಿಗೆ ತೆರೆದರು. ಮೊದಲ ಕಡ್ಡಿ ಮುರಿಯಿತು.

ಎರಡನೆಯ ಕಡ್ಡಿ ಹತ್ತುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನಾದಿನಿ ಹೊಸ್ತಿಲು ದಾಟಿ ಒಳಗೆ ಬಂದಳು. ಅತ್ತೆ ತಿರುಗಿ ನೋಡಿದರು. ಕಡ್ಡಿ ಬೆರಳಿಗೆ ತಾಗುವ ತನಕ ಉರಿಯಿತು. ಆಮೇಲೆ ದೀಪಕ್ಕೆ ಮುಟ್ಟಿಸಿದರು.

“ಬಸ್ಸು ಸಿಕ್ಕಿತೇನು?”

“ಸಿಕ್ತವ್ವ,” ಎಂದಳು. ದನಿ ನೆಟ್ಟಗಿತ್ತು. ತುಸು ಹೆಚ್ಚೇ ನೆಟ್ಟಗಿತ್ತು.

ಅವಳು ನನ್ನ ಮುಂದಿನಿಂದ ಹಾದು ಬಚ್ಚಲ ಕಡೆ ಹೋಗುವಾಗ ದೀಪದ ಬೆಳಕು ಅವಳ ಬೆನ್ನಿಗೆ ಬಿತ್ತು. ತಿಳಿ ಬಣ್ಣದ ಸೀರೆ. ಸೊಂಟದಿಂದ ಕೆಳಗೆ ಹಿಂಭಾಗವೆಲ್ಲ ಕೆಂಪು ಪುಡಿ, ಯಾರೋ ಕುಂಕುಮದ ಕೈ ಒರೆಸಿದ ಹಾಗೆ. ಬಸ್ಸಿನ ಸೀಟಿನಲ್ಲಿ ಹತ್ತುವ ಧೂಳು ಅದಲ್ಲ. ನಾನು ಚೊಂಬು ಹಿಡಿದು ಅವಳ ಹಿಂದೆಯೇ ಹೋದೆ, ಬಚ್ಚಲ ಬಾಗಿಲು ಹಾಕಿದೆ.

ಒದ್ದೆ ಬಟ್ಟೆಯಿಂದ ಒರೆಸುತ್ತಾ ಇದ್ದೆ. ಅವಳು ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದಳು. “ಹುಬ್ಬಳ್ಳಿ ಬಸ್ಸು ಬಂದ್ವು, ಅತ್ತಿಗೆ. ಕೈ ಮಾಡಿದ್ವಿ. ಒಂದೂ ನಿಲ್ಲಲಿಲ್ಲ, ಎಲ್ಲಾ ತುಂಬಿ ಬಂದಿದ್ವು. ಗೇಟಿನ ಮುಂದೆ ನಾವು ಅಷ್ಟೂ ಜನ ನಿಂತೇ ಇದ್ವಿ. ಹೊತ್ತು ಇಳೀತಾ ಇತ್ತು. ನಂಗೆ ಅವ್ವನ ಕೈಯೇ ಕಣ್ಣ ಮುಂದೆ ಬರ್ತಿತ್ತು.” ಮೂಗು ಏರಿಸಿಕೊಂಡಳು. “ಇಟ್ಟಿಗೆ ಲಾರಿ ಬಂತು. ನಮ್ಮ ಆಫೀಸಿನ ಆಯಾ ಹತ್ತಿದ್ಲು. ನಾನೂ ಹತ್ತಿದೆ. ಅವಳು ಊರು ಶುರುವಾಗೋ ಕಡೆಗೇ ಇಳಿದುಬಿಟ್ಲು. ಡ್ರೈವರ್ ಮುದುಕ, ಪಾಪ, ‘ಕೂಡ್ರಮ್ಮ, ಮನೆ ಹತ್ರ ಬಿಡ್ತೀನಿ’ ಅಂದ. ಒಂದು ಮಾತು ಆಡ್ಲಿಲ್ಲ. ಹೇಳಬ್ಯಾಡ್ರಿ, ಅತ್ತಿಗೆ.”

“ನಿಮ್ಮಣ್ಣ ಸಿಗಲಿಲ್ಲವೇ?”

“ಅಣ್ಣ? ಎಲ್ಲಿ?”

ನಾನು ಬಟ್ಟೆಯನ್ನು ಮತ್ತೆ ನೀರಿಗದ್ದಿ ಒರೆಸಿದೆ. ಕೆಂಪು ಪುಡಿ ಒದ್ದೆಯಾದಷ್ಟೂ ಹರಡುತ್ತಿತ್ತು. ಕೊನೆಗೆ ಸೀರೆಯನ್ನೇ ಬದಲಿಸಲು ಹೇಳಿ, ಬಿಚ್ಚಿದ್ದನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ. ನೀರು ಬೆಳಗಿನ ನಲ್ಲಿಯ ಮೊದಲ ನೀರಿನ ಬಣ್ಣಕ್ಕೆ ತಿರುಗಿತು. ಅದರ ಮೇಲೆ ಇನ್ನೆರಡು ಬಟ್ಟೆ ಹಾಕಿ ಮುಚ್ಚಿದೆ.

ಹೊರಗೆ ಬಂದಾಗ ಅತ್ತೆ ದೀಪದ ಮುಂದೆ ಕೈ ಮುಗಿದು, ನಡುಮನೆಯ ಚಾಪೆಯ ಮೇಲೆ ಕೂತಿದ್ದರು. ಮುಖ ಸಡಿಲವಾಗಿತ್ತು. ಚಹಾ ಮಾಡಿಕೊಟ್ಟೆ. ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಜಡೆಯ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ, “ಎಷ್ಟು ಒಣಗೈತೆ ನೋಡು, ಎಣ್ಣೆ ಹಚ್ಚಬೇಕು,” ಎಂದರು. “ಬರಬೇಕು ಅಂದ್ರೆ ಹೊತ್ತಿಗೆ ಸರಿಯಾಗಿ ಬರಬಹುದು. ಬಸ್ಸಿನ ಮಾತು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯೇನು? ಅವತ್ತೇ ಕೇಳಿಸಿಕೊಂಡಿದ್ದೆ. ನೋಡಾನ ಅಂತ ಸುಮ್ಮನಿದ್ದೆ.”

ನಾದಿನಿಯ ಕೈಯಲ್ಲಿದ್ದ ಲೋಟ ಒಂದು ಕ್ಷಣ ನಿಂತು, ಮತ್ತೆ ತುಟಿಗೆ ಹೋಯಿತು. ಅವಳು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಬುಧವಾರ ಬಂದರೆ ಮಾಲೀಕರು ಒಪ್ಪಬಹುದು, ನೀಲಿ ದಾರ ಮತ್ತೆ ಮೇಲಕ್ಕೆ ಹೋಗಬಹುದು, ಈ ಒಂದು ಸಂಜೆ ದಾಟಿದರೆ ಸಾಕು ಎಂದು ಲೆಕ್ಕ ಹಾಕುತ್ತಿದ್ದೆ.

ಬಾಗಿಲ ಚಿಲಕ ಸದ್ದಾಯಿತು. ಇವರಿರಬೇಕೆಂದು ಎದ್ದೆ. ಎದುರು ಮನೆಯ ಭಾಬಿ, ಕೈಯಲ್ಲಿ ಪೇಢಾ ಕೊಟ್ಟಿದ್ದ ನಮ್ಮ ಬಟ್ಟಲು. ಖಾಲಿ ಕೊಡಬಾರದೆಂದು ಅದರ ತುಂಬ ಕರಿಬೇವು ತುಂಬಿದ್ದರು.

“ಬರ್ರಿ ಭಾಬಿ, ಕೂಡ್ರಿ. ಚಹಾ ಕುಡೀರಿ,” ಎಂದರು ಅತ್ತೆ.

“ಬ್ಯಾಡ್ರಿ ಅಮ್ಮಾರೆ, ಒಲೆ ಮ್ಯಾಲೆ ಇಟ್ಟು ಬಂದೀನಿ,” ಎಂದು ಅವರು ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಾದಿನಿಯನ್ನು ಕಂಡು ಮುಖವೆಲ್ಲ ನಗುವಾಯಿತು. ತಿರುಗಿ ಮೆಟ್ಟಿಲಿಳಿಯುತ್ತಾ ಹೇಳಿದರು:

“ನಮ್ಮ ಮನ್ಯಾರು ಈಗಷ್ಟೇ ಹೇಳಿದ್ರು, ಅಮ್ಮಾರೆ. ಇಟ್ಟಿಗೆ ಲಾರಿಯವನು ಮಗಳನ್ನ ಓಣಿ ಬಾಯಿಗೇ ತಂದು ಇಳಿಸಿ ಹೋದ್ನಂತೆ. ಬಸ್ಸಿಗಿಂತ ಅದೇ ಬೇಷ್ ಬಿಡ್ರಿ, ನಡಿಯೋದೂ ತಪ್ಪಿತು.”